ಇಂದಿನ ಧಮ್ಮ ಚಿಂತನೆ: ಎಳೆಯಬಾರದ ಪೊರೆ

 

ಕಳೆದ ಭಾನುವಾರ ನಾವು ಸುತ್ತನಿಪಾತದ ಮೊದಲ ಸುತ್ತವಾದ ಉರಗ ಸುತ್ತವನ್ನು ಓದಲು ತೆಗೆದುಕೊಂಡೆವು. 17 ಗಾಥೆಗಳ ಪುಟ್ಟ ಸುತ್ತ. ಸಿಟ್ಟು, ರಾಗ, ತೃಷ್ಣೆ, ಅಹಂಕಾರ ಹೀಗೆ ಒಂದೊಂದನ್ನೇ ಹೇಳುತ್ತಾ ಪ್ರತಿ ಗಾಥೆಯ ಕೊನೆಯಲ್ಲೂ ಪೊರೆ ಬಿಡುವ ಹಾವಿನ ಹೋಲಿಕೆಗೆ ಮರಳಿ ಬರುತ್ತದೆ. ಓದು ಮುಗಿದ ಮೇಲೆ ನಮ್ಮ ಬಳಗದ ಒಬ್ಬರು ಒಂದು ಪ್ರಶ್ನೆ ಕೇಳಿದರು. "ತಾನಾಗಿ ಬಿಡೋ ಶಕ್ತಿ ಇದ್ದೋರು ಬಿಡ್ತಾರೆ. ಬಿಡೋಕಾಗದೆ ಒದ್ದಾಡೋರಿಗೆ ನಾವು ಕೈ ಹಾಕಬಹುದಾ? ಹಾಕಬಹುದಾದರೆ ಎಷ್ಟು?" ಅವರ ತಂಗಿಯ ಗಂಡ ತೀರಿಕೊಂಡು ನಾಲ್ಕು ತಿಂಗಳಾಗಿದೆ. ತೀರಿಕೊಂಡವರ ಬೈಕು ಇನ್ನೂ ಪಡಸಾಲೆಯಲ್ಲೇ ನಿಂತಿದೆ. ಅದನ್ನು ಮಾರಬೇಕೆಂದು ನೆಂಟರೆಲ್ಲ ಒಂದೇ ಸಮ ಹೇಳುತ್ತಿದ್ದಾರೆ. ತಂಗಿ ಒಪ್ಪುತ್ತಿಲ್ಲ. ಪ್ರಶ್ನೆ ಹುಟ್ಟಿದ್ದು ಆ ಬೈಕಿನಿಂದ.

ನಾನು ಅಂದು ಉತ್ತರ ಕೊಡಲಿಲ್ಲ, ಬರೆದು ಕಳಿಸುತ್ತೇನೆ ಎಂದಿದ್ದೆ. ಸ್ವಲ್ಪ ಉದ್ದವಾಗಿದೆ, ಬಿಡುವು ಮಾಡಿಕೊಂಡು ಓದಿ.

ಮೊದಲು ಹಾವಿನ ವಿಷಯ. ಹೋಲಿಕೆ ಸಿಕ್ಕಿದ ಕೂಡಲೇ ನಾವು ಅದರ ಅರ್ಥಕ್ಕೆ ಹಾರಿಬಿಡುತ್ತೇವೆ. ಪಾಪ, ಹಾವು ಹಿಂದೆಯೇ ಉಳಿದುಬಿಡುತ್ತದೆ. ಕನ್ನಡ ಪಾಠ ಮಾಡುವಾಗಲೂ ಮಕ್ಕಳು ಹೀಗೇ ಮಾಡುತ್ತಾರೆ, ಉಪಮಾನವನ್ನು ಪರೀಕ್ಷೆಯ ಎರಡು ಅಂಕಕ್ಕೆ ಬಿಟ್ಟು ಉಪಮೇಯದ ಬೆನ್ನು ಹತ್ತುತ್ತಾರೆ. ಉಪಮೆ ಕೊಟ್ಟವರು ಕಾಡಿನಲ್ಲಿ, ಮರದ ಬುಡದಲ್ಲಿ, ಕಲ್ಲಿನ ಪೊಟರೆಯ ಪಕ್ಕದಲ್ಲಿ ಬದುಕಿದವರು. ಅವರು ಹಾವನ್ನು ಕಣ್ಣಾರೆ ನೋಡಿದ್ದರು.

ನಮ್ಮ ತಾಳ್ಯದ ಕಡೆ ಪೊರೆ ಎಲ್ಲರಿಗೂ ಗೊತ್ತು. ಕಲ್ಲು ಬೇಲಿಯ ಸಂದಿಯಲ್ಲಿ, ಮೆಕ್ಕೆಜೋಳದ ಕಡ್ಡಿಯ ಬಣವೆಯ ಅಡಿಯಲ್ಲಿ, ಅಡಿಕೆ ತೋಟದ ಒಣಗಿದ ಹಾಳೆಗಳ ನಡುವೆ ಸಿಗುತ್ತದೆ. ಹುಡುಗರು ಅದರ ತುಂಡನ್ನು ತಂದು ಪುಸ್ತಕದೊಳಗೆ ಇಟ್ಟುಕೊಳ್ಳುತ್ತಾರೆ. ಆದರೆ ಪೊರೆ ಬಿಡುವ ಹಾವನ್ನು ನೋಡಿದವರು ಕಡಿಮೆ. ಆ ಹೊತ್ತಿಗೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ, ಬೀಳಲು ಬಯಸುವುದೂ ಇಲ್ಲ.

ನಾನು ಇದನ್ನು ಹಂತ ಹಂತವಾಗಿ ತಿಳಿದುಕೊಂಡದ್ದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ. ಅವನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಈ ಗುಂಪಿನ ಚಿಂತನೆಗಳನ್ನೂ ಓದುತ್ತಾನೆ. ಮನೆಯಲ್ಲಿ ಒಂದು ಬಾಲ್ ಪೈಥಾನ್ ಸಾಕಿದ್ದಾನೆ. ಪಶ್ಚಿಮ ಆಫ್ರಿಕಾ ಮೂಲದ, ಹೆದರಿದರೆ ಚೆಂಡಿನಂತೆ ಸುತ್ತಿಕೊಂಡು ತಲೆ ಒಳಗೆ ಮುಚ್ಚಿಕೊಳ್ಳುವ, ವಿಷವಿಲ್ಲದ ಸಣ್ಣ ಜಾತಿಯ ಹೆಬ್ಬಾವು. ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ನಮ್ಮ ನೆಲದ ನಾಗರಹಾವು, ಕೇರೆಹಾವು, ಹೆಬ್ಬಾವು ಮುಂತಾದವನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಬಾಲ್ ಪೈಥಾನಿನಂಥ, ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಯನ್ನು ಸಾಕುವವರು 2024ರ ನಿಯಮದಂತೆ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಅವನು ನೋಂದಾಯಿಸಿದ್ದಾನೆ. ಆದರೂ ಹಾವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡುವುದು ನನಗೆ ಒಪ್ಪಿಗೆಯಿಲ್ಲ, ಅವನಿಗೂ ಹೇಳಿದ್ದೇನೆ. ನಮ್ಮದೇ ಜಿಲ್ಲೆಯ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕ ಬರೆಸಿದ ಶಾಸನ ಪ್ರಾಣಿಗಳ ವಿಷಯದಲ್ಲಿ ದಯೆಯಿಂದ ನಡೆದುಕೊಳ್ಳಲು ಹೇಳುತ್ತದೆ. 1892ರಲ್ಲಿ ಬಿ. ಎಲ್. ರೈಸ್ ಅದನ್ನು ಬೆಳಕಿಗೆ ತಂದರು, ನಾವೆಲ್ಲ ಬಸ್ಸು ಮಾಡಿಕೊಂಡು ಹೋಗಿ ನೋಡಿಬಂದಿದ್ದೇವೆ. ಆದರೆ ಈಗಾಗಲೇ ಪೆಟ್ಟಿಗೆಯಲ್ಲಿರುವ, ಇಲ್ಲಿನ ಕಾಡಿಗೆ ಬಿಡಲೂ ಬಾರದ ಜೀವಕ್ಕೆ ದಯೆ ಎಂದರೆ ಚೆನ್ನಾಗಿ ನೋಡಿಕೊಳ್ಳುವುದೇ.

ಕಳೆದ ಬೇಸಿಗೆಯ ಆರಂಭದಲ್ಲಿ ಆ ಹಾವಿನ ಪೊರೆ ಸರಿಯಾಗಿ ಬಿಡಲಿಲ್ಲ. ಮೈಮೇಲೆ ಅಲ್ಲಲ್ಲಿ ಒಣಗಿದ ಕಾಗದದಂತೆ ಅಂಟಿಕೊಂಡಿತ್ತು. ರಾತ್ರಿ ಹತ್ತೂವರೆಗೆ ಫೋಟೋ ಕಳಿಸಿ ಕೇಳಿದ, "ಮೇಡಂ, ನೋಡೋಕಾಗ್ತಿಲ್ಲ. ಕಿತ್ತುಬಿಡ್ಲಾ?" ಹಾವಿನ ವಿಷಯ ಕನ್ನಡ ಟೀಚರನ್ನು ಕೇಳುತ್ತಾನಲ್ಲ ಎಂದು ನಗು ಬಂತು. ಮುಟ್ಟಬೇಡ, ಸರೀಸೃಪಗಳನ್ನು ಬಲ್ಲ ಪಶುವೈದ್ಯರ ಹತ್ತಿರ ಹೋಗು ಎಂದೆ. ಮುಂದಿನ ಎರಡು ವಾರ ವೈದ್ಯರು ಹೇಳಿದ್ದನ್ನೆಲ್ಲ ಅವನು ನನಗೆ ಹೇಳುತ್ತಾ ಹೋದ, ನಾನು ಬರೆದಿಟ್ಟುಕೊಳ್ಳುತ್ತಾ ಹೋದೆ.

ಹಾವಿನ ಚರ್ಮದ ಹೊರಪದರ ನಮ್ಮದರಂತೆ ದಿನವೂ ಪುಡಿಪುಡಿಯಾಗಿ ಉದುರುವುದಿಲ್ಲ. ಒಂದು ಪದರ ಇಡಿಯಾಗಿ ಇರುತ್ತದೆ, ಇಡಿಯಾಗಿ ಹೋಗುತ್ತದೆ. ಹೋಗುವ ಮುಂಚೆ ಅದರ ಅಡಿಯಲ್ಲಿ ಹೊಸ ಪದರ ಪೂರ್ತಿ ಬೆಳೆದಿರಬೇಕು. ಹೊಸದು ಬೆಳೆಯುವಾಗ ಹಳೆಯದಕ್ಕೂ ಹೊಸದಕ್ಕೂ ನಡುವೆ ಒಂದು ತೆಳುವಾದ ದ್ರವ ತುಂಬಿಕೊಳ್ಳುತ್ತದೆ. ಆಗ ಹಾವಿನ ಬಣ್ಣ ಮಂಕಾಗುತ್ತದೆ, ಹೊಟ್ಟೆಯ ಭಾಗ ನಸುಗೆಂಪಾಗಬಹುದು. ಕಣ್ಣುಗಳು ನೀಲಿ ಬೆರೆತ ಹಾಲಿನಂತೆ ಬೆಳ್ಳಗಾಗುತ್ತವೆ. ಹಾವಿಗೆ ರೆಪ್ಪೆಯಿಲ್ಲ. ಕಣ್ಣಿನ ಮೇಲೆ ಗಾಜಿನಂಥ ಒಂದು ಪಾರದರ್ಶಕ ಹೊದಿಕೆ ಇದೆ, ಪೊರೆಯ ಜೊತೆ ಅದರ ಹೊರಪದರವೂ ಕಳಚಬೇಕು. ಕಣ್ಣು ಬೆಳ್ಳಗಾದ ಆ ಕೆಲವು ದಿನ ಹಾವಿಗೆ ಸರಿಯಾಗಿ ಕಾಣುವುದಿಲ್ಲ. ಕಾಣದ ಭಯಕ್ಕೆ ಸಣ್ಣ ಸದ್ದಿಗೂ ಬುಸ್ ಎನ್ನುತ್ತದೆ. ಊಟ ಬಿಡುತ್ತದೆ. ಸಾಕಿದವರು ಈ ಸಮಯದಲ್ಲಿ ಅದನ್ನು ಎತ್ತಬಾರದು, ಊಟ ಒತ್ತಾಯಿಸಬಾರದು.

ನಂತರ ಒಂದು ವಿಚಿತ್ರ ನಡೆಯುತ್ತದೆ. ಕಣ್ಣು ಮತ್ತೆ ತಿಳಿಯಾಗುತ್ತದೆ. ಹೊಸದಾಗಿ ಸಾಕುವವರು ಮುಗಿಯಿತು ಎಂದುಕೊಳ್ಳುತ್ತಾರೆ. ಇನ್ನೂ ಮುಗಿದಿಲ್ಲ, ಪೊರೆ ಬಿಡುವುದು ಅದಾದ ಕೆಲವು ದಿನಗಳ ಮೇಲೆ. ಹಾವು ತನ್ನ ಮೂತಿಯನ್ನು ಒರಟಾದ ಕಲ್ಲಿಗೋ ಕಟ್ಟಿಗೆಗೋ ಉಜ್ಜುತ್ತದೆ. ತುಟಿಯ ಅಂಚಿನಲ್ಲಿ ಪದರ ಬಿರಿಯುತ್ತದೆ. ಆ ಅಂಚು ಎಲ್ಲೋ ಒಂದು ಕಡೆ ಸಿಕ್ಕಿಕೊಂಡರೆ ಸಾಕು, ಹಾವು ಮುಂದಕ್ಕೆ ಹರಿಯುತ್ತದೆ, ಪೊರೆ ಹಿಂದಕ್ಕೆ ಮಗುಚಿಕೊಳ್ಳುತ್ತದೆ. ಕಾಲುಚೀಲ ಬಿಚ್ಚುವಾಗ ಒಳಗಿನದು ಹೊರಗಾಗುತ್ತದಲ್ಲ, ಹಾಗೆ. ಆರೋಗ್ಯವಂತ ಹಾವಿನ ಪೊರೆ ಮೂತಿಯಿಂದ ಬಾಲದ ತುದಿಯವರೆಗೆ ಒಂದೇ ತುಂಡಾಗಿ, ಎರಡು ಕಣ್ಣಿನ ಗುಂಡನೆಯ ಹೊದಿಕೆಗಳೂ ಸೇರಿ ಸಿಗುತ್ತದೆ. ಅಳೆದರೆ ಹಾವಿಗಿಂತ ಉದ್ದವಿರುತ್ತದೆ, ಏಕೆಂದರೆ ಹುರುಪೆಗಳ ನಡುವಿನ ಮಡಿಕೆಗಳೆಲ್ಲ ಬಿಚ್ಚಿಕೊಂಡಿರುತ್ತವೆ. ಬೇಲಿಯಲ್ಲಿ ಪೊರೆ ನೋಡಿ "ಇಷ್ಟುದ್ದದ ಹಾವು" ಎಂದು ಕೈ ಚಾಚುವವರು ಇದನ್ನು ನೆನಪಿಡಿ.

ಪೊರೆ ಸಿಕ್ಕಿಕೊಳ್ಳುವುದು ಯಾವಾಗ? ಹೆಚ್ಚಾಗಿ ಗಾಳಿ ಒಣಗಿದಾಗ. ಮೈಯಲ್ಲಿ ನೀರಿನಂಶ ಕಡಿಮೆಯಾದಾಗ, ಉಣ್ಣಿ ಹತ್ತಿದಾಗ, ಹಳೆಯ ಗಾಯವಿದ್ದಾಗ, ಊಟ ಸಾಲದಾದಾಗಲೂ ಆಗುತ್ತದೆ. ಬೆಂಗಳೂರಿನ ಫೆಬ್ರವರಿ ಮಾರ್ಚಿನ ಒಣಹವೆ, ಅದರ ಮೇಲೆ ಪೆಟ್ಟಿಗೆಯೊಳಗೆ ಶಾಖದ ದೀಪ. ನಡುವಿನ ತೇವ ಆರಿಹೋಗಿ ಹಳೆಯ ಪದರ ಹೊಸದಕ್ಕೆ ಅಂಟಿಕೊಂಡಿತು.

ವೈದ್ಯರು ಹೇಳಿದ ಉಪಾಯಗಳು ತೀರಾ ಸರಳ. ಹಾವಿಗೆ ಅಡಗಲು ಒಂದು ಮುಚ್ಚಿದ ಡಬ್ಬಿ, ಹಾವು ನುಸುಳುವಷ್ಟು ದೊಡ್ಡ ಬಾಯಿ, ಒಳಗೆ ಹಿಂಡಿದ ಒದ್ದೆ ಪಾಚಿ ಅಥವಾ ಒದ್ದೆ ಬಟ್ಟೆ. ಪೆಟ್ಟಿಗೆಯ ತೇವಾಂಶವನ್ನು ಮಾಮೂಲಿನ ಐವತ್ತು ಅರವತ್ತರಿಂದ ಶೇಕಡಾ 70ರ ಸುಮಾರಿಗೆ ಏರಿಸುವುದು. ಅಗಲವಾದ ಪಾತ್ರೆಯಲ್ಲಿ ಬೆಚ್ಚಗಿನ ನೀರು. ಬಿಸಿಯಲ್ಲ, ಮುಟ್ಟಿದರೆ ತಣ್ಣಗೂ ಅಲ್ಲ ಬಿಸಿಯೂ ಅಲ್ಲ ಎನ್ನುವಂತೆ 28ರಿಂದ 30 ಡಿಗ್ರಿ. ಆಳ ಹಾವಿನ ಮೈಯ ಅರ್ಧಕ್ಕೆ ಬರುವಷ್ಟು ಮಾತ್ರ, ತಲೆ ಸಲೀಸಾಗಿ ಹೊರಗಿರಬೇಕು. ಅದರಲ್ಲಿ ಇಪ್ಪತ್ತು ಮೂವತ್ತು ನಿಮಿಷ, ಪಕ್ಕದಲ್ಲೇ ಕೂತು. ಆಮೇಲೆ ಒಂದು ಒದ್ದೆ ಟವೆಲನ್ನು ಸಡಿಲವಾಗಿ ಮಡಿಸಿ ಅದರೊಳಗೆ ಹಾವನ್ನು ಬಿಡುವುದು. ಟವೆಲನ್ನು ಕೈಯಲ್ಲಿ ಹಗುರಾಗಿ ಹಿಡಿದಿರಬೇಕಷ್ಟೆ. ಹಾವು ತಾನೇ ಮುಂದಕ್ಕೆ ನುಸುಳುತ್ತದೆ, ಬಟ್ಟೆಯ ಒರಟು ಪೊರೆಯನ್ನು ತಡೆದು ಹಿಡಿಯುತ್ತದೆ. ಎಳೆಯುವವರು ನಾವಲ್ಲ. ಒಂದು ದಿನಕ್ಕೆ ಬರದಿದ್ದರೆ ಮಾರನೆಯ ದಿನ, ಮತ್ತೆ ಮಾರನೆಯ ದಿನ.

ಕಿತ್ತರೆ ಏನಾಗುತ್ತದೆ? ಕೆಳಗಿನ ಚರ್ಮ ಗಟ್ಟಿಯಾಗಿಲ್ಲದಿದ್ದರೆ ಅದೂ ಹರಿದು ಬರುತ್ತದೆ, ಗಾಯವಾಗುತ್ತದೆ, ಆ ಗಾಯದ ಕಲೆಯಿಂದ ಮುಂದಿನ ಪೊರೆಯೂ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಕಣ್ಣಿನ ಮೇಲೆ ಉಳಿದ ಹೊದಿಕೆಗಂತೂ ಚಿಮಟ ಹಾಕಲೇಬಾರದು, ಕಣ್ಣೇ ಹೋಗಬಹುದು. ಅದು ಎಷ್ಟೋ ಸಲ ಮುಂದಿನ ಪೊರೆಯ ಜೊತೆ ತಾನೇ ಹೋಗುತ್ತದೆ, ಹೋಗದಿದ್ದರೆ ವೈದ್ಯರು ನೋಡುತ್ತಾರೆ. ಆದರೆ ಬಾಲದ ತುದಿಯ ವಿಷಯದಲ್ಲಿ ಮಾತ್ರ ಸುಮ್ಮನಿರುವ ಹಾಗಿಲ್ಲ. ಅಲ್ಲಿ ಉಳಿದ ಪೊರೆ ಉಂಗುರದಂತೆ ಬಿಗಿದು ರಕ್ತ ಹರಿಯುವುದನ್ನು ತಡೆಯುತ್ತದೆ, ತುದಿ ಕಪ್ಪಾಗಿ ಸಾಯುತ್ತದೆ. ಅಲ್ಲಿ ನೆನೆಸುವುದು, ನೆನೆದ ಮೇಲೆ ಒದ್ದೆ ಬಟ್ಟೆಯಿಂದ ತುದಿಯ ಕಡೆಗೆ ಹಗುರಾಗಿ ಸವರುವುದು, ಬರದಿದ್ದರೆ ತಡಮಾಡದೆ ವೈದ್ಯರ ಬಳಿಗೆ.

ಇನ್ನೊಂದು ಮಾತನ್ನು ಆ ವೈದ್ಯರು ಒತ್ತಿ ಹೇಳಿದರಂತೆ. ತೇವ ಒಳ್ಳೆಯದೆಂದು ಪೆಟ್ಟಿಗೆಯನ್ನೆಲ್ಲ ಯಾವಾಗಲೂ ಒದ್ದೆ ಮಾಡಿಟ್ಟರೆ ಹೊಟ್ಟೆಯ ಹುರುಪೆಗಳು ಕೊಳೆಯುತ್ತವೆ. ಆರೈಕೆ ಅತಿಯಾಗಿ ಕೊಳೆಯುವುದು ಹಾವಿಗೆ ಮಾತ್ರ ಆಗುವುದಲ್ಲ, ಮೂವತ್ತು ದಾಟಿದ ಮಕ್ಕಳ ಊಟದ ಡಬ್ಬಿ ಕಟ್ಟುವ ತಾಯಂದಿರು ಬೇಜಾರು ಮಾಡಿಕೊಳ್ಳಬೇಡಿ.

ಈಗ ಮಾತಿನ ವಿಷಯಕ್ಕೆ ಬರುತ್ತೇನೆ, ಕನ್ನಡ ಎಂ.ಎ. ಓದಿದವಳಿಗೆ ಅಷ್ಟು ಸಲಿಗೆ ಇರಲಿ. "ಪೊರೆ" ಎಂಬುದು ನಮ್ಮಲ್ಲಿ ಹಾವಿನ ಚರ್ಮದ ಪದರ. ಮುದುಕರ ಕಣ್ಣಿಗೆ ಬರುವುದಕ್ಕೂ ನಾವು ಕಣ್ಣಿನ ಪೊರೆ ಎನ್ನುತ್ತೇವೆ. ಇದೇ ರೂಪದ ಕ್ರಿಯಾಪದವೂ ಇದೆ, ಪೊರೆ ಎಂದರೆ ಕಾಪಾಡು, ಸಲಹು. ದೇವರನ್ನು ಪೊರೆಯೆಂದು ಬೇಡುವಾಗ ಬರುವುದು ಅದು. ಹೊತ್ತುಕೊಳ್ಳುವ ಹೊರೆಗೆ ಹಳಗನ್ನಡದಲ್ಲಿ ಶಕಟರೇಫದ ಪೊಱೆ ಎಂಬ ರೂಪ, ಅದು ಬೇರೆಯೇ ಮಾತು. ಪದರ, ಕಾಪಾಡುವಿಕೆ, ಭಾರ ಮೂರನ್ನೂ ಒಂದೇ ಬೇರಿಗೆ ಕಟ್ಟಿ ಭಾಷಣ ಮಾಡುವವರಿದ್ದಾರೆ. ವ್ಯಾಕರಣ ಒಪ್ಪುವುದಿಲ್ಲ. ಆದರೆ ಕಿವಿಗೆ ಮೂರೂ ಹತ್ತಿರವಿರುವುದನ್ನು ನಾನು ಅಲ್ಲಗಳೆಯಲಾರೆ. ಹಾವಿನ ಪೊರೆ ಅದನ್ನು ಅಷ್ಟು ದಿನ ಪೊರೆದದ್ದಂತೂ ನಿಜ. ಮುಳ್ಳು, ಕಲ್ಲು, ಬಿಸಿಲು ಎಲ್ಲವನ್ನೂ ಮೊದಲು ತಡೆದದ್ದು ಆ ಪದರವೇ. ಅದನ್ನು ಕೊಳೆಯೆಂದೋ ಕಸವೆಂದೋ ಬೈಯುವುದು ಸರಿಯಲ್ಲ.

ಸುತ್ತದಲ್ಲಿ ಪೊರೆಗೆ ಬಳಸಿರುವ ವಿಶೇಷಣಗಳಲ್ಲಿ ಒಂದು "ಜಿಣ್ಣ". ನಮ್ಮ "ಜೀರ್ಣ"ದ ಪಾಲಿ ರೂಪ. ಊಟ ಜೀರ್ಣವಾಯಿತು ಎನ್ನುತ್ತೇವೆ, ಜೀರ್ಣವಾದ ಬಟ್ಟೆ ಎನ್ನುತ್ತೇವೆ. ತನ್ನ ಕೆಲಸ ಮುಗಿಸಿ ಸವೆದದ್ದು ಎಂದರ್ಥ. ಹಾವು ಬಿಡುವುದು ಜೀರ್ಣವಾದ ಪೊರೆಯನ್ನು, ಜೀರ್ಣವಾಗದ್ದನ್ನಲ್ಲ. ಈ ಒಂದು ವಿಶೇಷಣವನ್ನು ಮರೆತು ಸುತ್ತವನ್ನು ಓದಿದರೆ ಅದು "ಬಿಡು ಬಿಡು" ಎಂಬ ಗದರಿಕೆಯಾಗಿ ಕೇಳಿಸುತ್ತದೆ.

ಪಾಲಿ ಅಟ್ಠಕಥೆ ಈ ಉಪಮೆಯನ್ನು ವಿವರಿಸುವಾಗ ಹಾವು ನಾಲ್ಕು ಬಗೆಯಲ್ಲಿ ಪೊರೆ ಬಿಡುತ್ತದೆ ಎನ್ನುತ್ತದೆ. ತನ್ನ ಜಾತಿಯ ಸಹಜ ಧರ್ಮದಲ್ಲಿ ನಿಂತು, ಹಳೆಯದರ ಬಗ್ಗೆ ಹೇಸಿ, ಏನನ್ನಾದರೂ ಆಶ್ರಯಿಸಿ, ತನ್ನ ಬಲವನ್ನು ಹಾಕಿ. ಮೂರನೆಯದನ್ನು ಗಮನಿಸಿ. ಮರದ ಸಂದಿ, ಕಲ್ಲಿನ ಸಂದಿ, ಇಂಥದೊಂದರ ಆಶ್ರಯ ಬೇಕು. ಬಯಲಲ್ಲಿ ನುಣ್ಣನೆಯ ನೆಲದ ಮೇಲೆ ಹಾವು ಪೊರೆ ಬಿಡಲಾರದು. ಬೆಂಗಳೂರಿನ ಪಶುವೈದ್ಯರು ಪೆಟ್ಟಿಗೆಯಲ್ಲಿ ಒರಟು ಕಲ್ಲೊಂದನ್ನು ಇಡಲು ಹೇಳಿದ್ದನ್ನೂ ಪ್ರಾಚೀನ ಅಟ್ಠಕಥೆಯ ಈ ಸಾಲನ್ನೂ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಮೈ ಜುಮ್ಮೆಂದಿತು. ಜೊತೆಗೆ ನಾಲ್ಕನೆಯದೂ ಇದೆ, ಬಲ ಹಾವಿನದೇ. ಕಲ್ಲು ಹಾವನ್ನು ಎಳೆಯುವುದಿಲ್ಲ. ಅದು ಇದ್ದಲ್ಲೇ ಇರುತ್ತದೆ.

ಜಾತಕಗಳಲ್ಲಿ ಉರಗ ಜಾತಕ ಎಂಬುದಿದೆ. ಕಾಶಿಯ ಬಳಿಯ ಒಬ್ಬ ಬೇಸಾಯಗಾರ, ಅವನ ಮಗ ಹೊಲದಲ್ಲಿ ಕಸ ಸುಡುವಾಗ ಹಾವು ಕಚ್ಚಿ ಸಾಯುತ್ತಾನೆ. ತಂದೆ ಅಳುವುದಿಲ್ಲ, ಉಳುಮೆ ನಿಲ್ಲಿಸುವುದಿಲ್ಲ. ಇಬ್ಬರ ಬದಲು ಒಬ್ಬರ ಬುತ್ತಿ ಸಾಕು ಎಂದು ಮನೆಗೆ ಹೇಳಿಕಳಿಸುತ್ತಾನೆ. ತಾಯಿ, ಹೆಂಡತಿ, ತಂಗಿ, ಮನೆಯ ದಾಸಿ ಯಾರೂ ಅಳುವುದಿಲ್ಲ. ಶಕ್ರ ಬಂದು ಏಕೆ ಅಳುತ್ತಿಲ್ಲವೆಂದು ಒಬ್ಬೊಬ್ಬರನ್ನೇ ಕೇಳುತ್ತಾನೆ, ತಂದೆಯ ಉತ್ತರದಲ್ಲಿ ಹಾವಿನ ಪೊರೆ ಬರುತ್ತದೆ. ಈ ಕತೆಯನ್ನು ಸಾವಾದ ಮನೆಯಲ್ಲಿ ಹೇಳುವವರನ್ನು ನಾನು ಕಂಡಿದ್ದೇನೆ. ನನ್ನ ಅಭಿಪ್ರಾಯದಲ್ಲಿ ಅದು ಕ್ರೂರ. ಏಕೆಂದರೆ ಕತೆಯ ಮೊದಲಿಗೇ ಒಂದು ವಿವರವಿದೆ, ಅದನ್ನು ಯಾರೂ ಹೇಳುವುದಿಲ್ಲ. ಆ ಮನೆಯವರೆಲ್ಲ ಬಹುಕಾಲದಿಂದ ಮರಣಸ್ಮೃತಿಯನ್ನು ಅಭ್ಯಾಸ ಮಾಡುತ್ತಿದ್ದವರು. ಹಾವು ಕಚ್ಚುವ ಮುಂಚೆಯೇ ಅವರ ಒಳಗೆ ಹೊಸ ಚರ್ಮ ಬೆಳೆದಿತ್ತು. ಅಭ್ಯಾಸವಿಲ್ಲದ ಮನೆಗೆ ಹೋಗಿ "ನೋಡಿ, ಅವರು ಅಳಲಿಲ್ಲ" ಎಂದರೆ ಅದು ಚಿಮಟ ಹಾಕಿದಂತೆ.

ಅಭ್ಯಾಸವಿಲ್ಲದವರ ಹತ್ತಿರ ಭಗವಾನ್ ಬುದ್ಧರು ಹೇಗೆ ನಡೆದುಕೊಂಡರು ಎಂಬುದಕ್ಕೆ ಕಿಸಾಗೋತಮಿಯ ಕತೆಯಿದೆ. ನಾವೆಲ್ಲ ಪ್ರಾಥಮಿಕ ಶಾಲೆಯಿಂದ ಕೇಳಿದ ಸಾಸಿವೆ ಕಾಳಿನ ಕತೆ. ನೂರು ಸಲ ಹೇಳಿದ ಕತೆಯಲ್ಲಿ ಈ ಸಲ ನನಗೆ ಕಂಡದ್ದು ಒಂದು ಸಣ್ಣ ಸಂಗತಿ. ಸತ್ತ ಕೂಸನ್ನು ಅವಳ ಕೈಯಿಂದ ಯಾರೂ ಕಿತ್ತುಕೊಳ್ಳಲಿಲ್ಲ. ಕೂಸು ಸತ್ತಿದೆ ಎಂದು ಊರಿನವರು ಹೇಳಿದ್ದರು, ಅದು ಅವಳಿಗೆ ತಟ್ಟಿರಲಿಲ್ಲ. ಬುದ್ಧರು ಅದನ್ನು ಮತ್ತೆ ಹೇಳಲಿಲ್ಲ. ಸಾವಿಲ್ಲದ ಮನೆಯಿಂದ ಸಾಸಿವೆ ತಾ ಎಂದರು. ಅವಳು ಕೂಸನ್ನು ಎತ್ತಿಕೊಂಡೇ ಮನೆಮನೆಗೆ ಹೋದಳು. ಒಂದೊಂದು ಹೊಸ್ತಿಲೂ ಒಂದೊಂದು ಒರಟು ಕಲ್ಲು. ಎಷ್ಟನೆಯ ಮನೆಯಲ್ಲೋ ಅಂಚು ಬಿರಿಯಿತು. ಕೂಸನ್ನು ಮಸಣದಲ್ಲಿ ಇಟ್ಟು ಬಂದವಳು ಅವಳೇ.

ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದಾನೆ. ಹೆಸರು ಬೇಡ. ಅವನ ಅಪ್ಪ ಅಡಿಕೆ ಕೊನೆ ಕೊಯ್ಯುವ ಕೆಲಸಕ್ಕೆ ಹೋಗುತ್ತಿದ್ದವರು, ಮರದಿಂದ ಬಿದ್ದು ತೀರಿಕೊಂಡರು. ಹದಿನೈದು ದಿನ ಬಿಟ್ಟು ಶಾಲೆಗೆ ಬಂದ ಹುಡುಗ ಸಮವಸ್ತ್ರದ ಮೇಲೆ ಅಪ್ಪನ ಸ್ವೆಟರ್ ಹಾಕಿಕೊಂಡಿದ್ದ. ತೋಳು ಅಂಗೈ ಮುಚ್ಚುತ್ತಿತ್ತು. ಚಳಿಗಾಲದಲ್ಲಿ ಯಾರೂ ಏನೂ ಅನ್ನಲಿಲ್ಲ. ಫೆಬ್ರವರಿ ಹೋಗಿ ಮಾರ್ಚ್ ಬಂತು. ನಮ್ಮ ಕಡೆಯ ಮಾರ್ಚ್ ನಿಮಗೆ ಗೊತ್ತು. ಬೆವರು ಸುರಿಯುತ್ತಿದ್ದರೂ ಸ್ವೆಟರ್ ಮೈಮೇಲೆ. ಮಕ್ಕಳು ನಕ್ಕರು. ಸಹೋದ್ಯೋಗಿಯೊಬ್ಬರು ಒಳ್ಳೆಯ ಮನಸ್ಸಿನಿಂದಲೇ, "ಅಪ್ಪ ಬರ್ತಾನೇನೋ ಇದರಿಂದ? ತೆಗಿ, ಗಟ್ಟಿಯಾಗ್ಬೇಕು" ಎಂದು ತೋಳು ಹಿಡಿದು ಬಿಚ್ಚಲು ಹೋದರು. ಹುಡುಗ ಮೂರು ದಿನ ಶಾಲೆಗೆ ಬರಲಿಲ್ಲ.

ನಾನು ಅವನ ಮನೆಗೆ ಹೋದೆ. ಸ್ವೆಟರಿನ ಮಾತೆತ್ತಲಿಲ್ಲ. ಕನ್ನಡದಲ್ಲಿ ಒಂದು ಕೆಲಸ ಇದೆ ಮಾಡ್ತೀಯಾ ಎಂದೆ. ನಮ್ಮ ಕಡೆ ಅಡಿಕೆ ಕೆಲಸದಲ್ಲಿ ಬಳಸುವ ಮಾತುಗಳ ಪಟ್ಟಿ ಬೇಕು, ನನಗೆ ಅರ್ಧವೂ ಗೊತ್ತಿಲ್ಲ, ನಿನಗೆ ಗೊತ್ತಿರುತ್ತೆ. ಗೊತ್ತಿಲ್ಲದ್ದನ್ನು ಅಪ್ಪನ ಜೊತೆ ಹೋಗುತ್ತಿದ್ದವರನ್ನು ಕೇಳಿಕೊಂಡು ಬಾ. ಶಾಲೆಗೆ ಬಂದಾಗ ಒಂದು ಹಾಳೆಯಲ್ಲಿ ಎಂಟು ಮಾತು ಬರೆದು ತಂದಿದ್ದ. ಕೊನೆ, ದೋಟಿ, ಸಿಂಗಾರ, ಹಾಳೆ, ಚೇಣಿ ಹೀಗೆ. ಮುಂದಿನ ವಾರ ಇಪ್ಪತ್ತಾಯಿತು. ಅಪ್ಪನ ಜೊತೆಗಾರರ ಮನೆಗಳಿಗೆ ಹೋಗಿ ಕೇಳುತ್ತಿದ್ದನಂತೆ. ಅವರು ಮಾತುಗಳ ಜೊತೆ ಅಪ್ಪನ ಕತೆಗಳನ್ನೂ ಹೇಳುತ್ತಿದ್ದರಂತೆ.

ಆ ಪಟ್ಟಿಯಲ್ಲಿ "ಹಾಳೆ" ಎಂಬ ಮಾತಿನ ಮುಂದೆ ಅವನು ಬರೆದದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಸೋಗೆಯ ಬುಡದ ಹಾಳೆ ಕಾಂಡವನ್ನು ತಬ್ಬಿಕೊಂಡಿರುತ್ತದೆ, ಅದರ ಒಳಗೆ ಸಿಂಗಾರ ಬೆಳೆಯುತ್ತಿರುತ್ತದೆ. ಬೆಳೆದು ಹೊರಗೆ ಬರುವ ಹೊತ್ತಿಗೆ ಹಾಳೆ ಸಡಿಲವಾಗಿ ತಾನೇ ಬೀಳುತ್ತದೆ. ಮೊದಲೇ ಎಳೆದರೆ ಎಳೆಯ ಸಿಂಗಾರ ಹಾಳಾಗುತ್ತದೆ, ಆ ವರ್ಷ ಅಲ್ಲಿ ಕೊನೆ ಇಲ್ಲ. ಹಾವಿನ ಬಗ್ಗೆ ನಾನು ಅವನಿಗೆ ಒಂದು ಮಾತೂ ಹೇಳಿರಲಿಲ್ಲ.

ಈಗ ಅವನು ಹತ್ತನೆಯ ತರಗತಿ. ಸ್ವೆಟರ್ ಇನ್ನೂ ಇದೆ, ಸೊಂಟಕ್ಕೆ ಕಟ್ಟಿಕೊಂಡು ಬರುತ್ತಾನೆ. ಆಟದ ಹೊತ್ತಿನಲ್ಲಿ ಕಿಟಕಿಗೆ ನೇತುಹಾಕಿ ಓಡುತ್ತಾನೆ. ಗಂಟೆ ಹೊಡೆದ ಮೇಲೆ ಮರೆಯದೆ ತೆಗೆದುಕೊಳ್ಳುತ್ತಾನೆ. ಮುಖ್ಯೋಪಾಧ್ಯಾಯರು ಇದರಲ್ಲಿ ನಿಯಮ ಹುಡುಕಲು ಹೋಗಿಲ್ಲ, ಅವರಿಗೆ ಪುಣ್ಯ ಬರಲಿ.

ಈಗ ಬೈಕಿನ ವಿಷಯ. ಪ್ರಶ್ನೆ ಕೇಳಿದ ಬಂಧುಗಳಿಗೆ ನಾನು ಹೇಳಬಹುದಾದದ್ದು ಇಷ್ಟು. ಬೈಕು ಪಡಸಾಲೆಯಲ್ಲಿ ನಿಂತಿರುವುದರಿಂದ ಯಾರಿಗೂ ನೋವಾಗುತ್ತಿಲ್ಲ. ನಿಲ್ಲಲಿ. ಅದು ಕಣ್ಣಿನ ಮೇಲಿನ ಹೊದಿಕೆಯಿದ್ದಂತೆ, ಮುಂದಿನ ಸಲ ಹೋಗಬಹುದು. ಆದರೆ ಬಾಲದ ತುದಿಯನ್ನು ನೋಡಿ. ತಂಗಿ ಊಟ ಮಾಡುತ್ತಿದ್ದಾರೆಯೇ, ನಿದ್ದೆ ಬರುತ್ತಿದೆಯೇ, ಮಕ್ಕಳ ಜೊತೆ ಮಾತಾಡುತ್ತಿದ್ದಾರೆಯೇ, ಬ್ಯಾಂಕಿನ ಸಾಲದ ಕಾಗದ ಬಂದರೆ ಬಿಚ್ಚಿ ನೋಡುತ್ತಿದ್ದಾರೆಯೇ. ರಕ್ತ ನಿಲ್ಲುವ ಜಾಗ ಅಲ್ಲಿದ್ದರೆ ಕಾಯಬೇಡಿ, ಆ ದಿನವೇ ಕರೆದುಕೊಂಡು ಹೋಗಿ ವೈದ್ಯರಿಗೆ ತೋರಿಸಿ. ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯ ವಿಭಾಗವಿದೆ, ಅಲ್ಲಿಗೆ ಹೋಗುವುದರಲ್ಲಿ ಅವಮಾನವೇನಿಲ್ಲ. ಉಳಿದಂತೆ, ನೆಂಟರನ್ನು ಪಡಸಾಲೆಯಲ್ಲಿ ಕೂರಿಸಿ ಪಂಚಾಯಿತಿ ಮಾಡುವ ಬದಲು, ತಂಗಿಗೆ ಉಜ್ಜಿಕೊಳ್ಳಲು ಒಂದು ಒರಟು ಕೆಲಸ ಯಾವುದೆಂದು ಯೋಚಿಸಿ. ತೋಟದ ಲೆಕ್ಕವಿರಬಹುದು, ಸ್ವಸಹಾಯ ಸಂಘದ ಪುಸ್ತಕವಿರಬಹುದು, ಗಂಡ ತೀರಿಕೊಂಡ ಮತ್ತೊಬ್ಬರ ಮನೆಗೆ ಒಂದು ಸಂಜೆ ಹೋಗಿಬರುವುದಿರಬಹುದು. ಯಾವುದೆಂದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಹಾಗೆಯೇ ಬಳೆ ಒಡೆಯುವ, ಹೂ ಕೀಳುವ ಶಾಸ್ತ್ರದ ಬಗ್ಗೆ ಹೋದ ಸಲ ಚರ್ಚೆ ಅರ್ಧಕ್ಕೆ ನಿಂತಿತ್ತು. ನನ್ನ ನಿಲುವು ಬದಲಾಗಿಲ್ಲ. ಇನ್ನೊಬ್ಬರ ಮೈಮೇಲಿನದನ್ನು ಹತ್ತು ಜನ ಸೇರಿ ಕೀಳುವುದಕ್ಕೆ ಯಾವ ಧರ್ಮದ ಹೆಸರೂ ಬೇಡ.

ಕೊನೆಯಲ್ಲಿ ಬೆಂಗಳೂರಿನ ಹಾವು ಏನಾಯಿತೆಂದು ಕೇಳುವವರಿಗೆ: ಆರನೆಯ ದಿನ ಒದ್ದೆ ಟವೆಲಿನೊಳಗೆ ಮೈಮೇಲಿನ ತುಂಡುಗಳು ಬಿಟ್ಟವು, ಬಾಲದ ತುದಿಯದು ಎಂಟನೆಯ ದಿನ. ಬಲಗಣ್ಣಿನ ಹೊದಿಕೆ ಉಳಿಯಿತು. ಮುಂದಿನ ಪೊರೆಯವರೆಗೆ ಕಾಯಿರಿ ಎಂದರು ವೈದ್ಯರು. ಸುಮಾರು ಎರಡು ತಿಂಗಳ ಮೇಲೆ ಅವನು ಮತ್ತೊಂದು ಫೋಟೋ ಕಳಿಸಿದ, ಒಂದೇ ತುಂಡಿನ ಪೊರೆ. ತಲೆಯ ಭಾಗವನ್ನು ದೊಡ್ಡದು ಮಾಡಿ ನೋಡಿದೆ. ಬಲಗಣ್ಣಿನ ಜಾಗದಲ್ಲಿ ಎರಡು ಹೊದಿಕೆಗಳು ಒಂದರ ಮೇಲೊಂದು ಕೂತಿದ್ದವು.

ಇಂದಿನ ಅಭ್ಯಾಸಕ್ಕೆ: ಹತ್ತು ನಿಮಿಷ ಆನಾಪಾನ, ನಂತರ ಐದು ನಿಮಿಷ ಮೈತ್ರಿ. ಹಾವು ಕಚ್ಚಿ ಭಿಕ್ಷುವೊಬ್ಬರು ತೀರಿಕೊಂಡಾಗ ಭಗವಾನರು ನಾಲ್ಕು ನಾಗಕುಲಗಳಿಗೆ ಮೈತ್ರಿ ಹರಡಲು ಹೇಳಿದ ಪ್ರಸಂಗ ಅಂಗುತ್ತರ ನಿಕಾಯದಲ್ಲಿದೆ, ನಾಳೆ ಅದನ್ನು ನೋಡೋಣ. ಕಟ್ಟಿಗೆ ರಾಶಿಗೆ, ಬಣವೆಗೆ ಕೈ ಹಾಕುವವರು ಮೊದಲು ಕೋಲಿನಿಂದ ತಟ್ಟಿ, ರಾತ್ರಿ ಹೊರಗೆ ಹೋಗುವಾಗ ಟಾರ್ಚ್ ಹಿಡಿಯಿರಿ. ಕಚ್ಚಿದರೆ ಮಂತ್ರ, ಕಟ್ಟು, ಕೊಯ್ತ ಯಾವುದೂ ಬೇಡ, ಅಲುಗಾಡಿಸದೆ ನೇರ ಸರ್ಕಾರಿ ಆಸ್ಪತ್ರೆಗೆ. ಭಾನುವಾರ ಉರಗ ಸುತ್ತದ ಐದನೆಯ ಗಾಥೆ, ಅತ್ತಿಮರದಲ್ಲಿ ಹೂ ಹುಡುಕುವವನ ಹೋಲಿಕೆಯದು. ಯಾರಾದರೂ ಒಂದು ಅತ್ತಿಕಾಯಿ ತನ್ನಿ, ಕೊಯ್ದು ಒಳಗೆ ನೋಡೋಣ.

ಭವತು ಸಬ್ಬ ಮಂಗಲಂ.